ಬಿಡದ ಸುಸ್ತಿಗೆ ಟಾನಿಕ್ಕೇ ಮದ್ದೇ?



ಹಾಲು ಜ್ವರದಿಂದ ಬಿದ್ದ ಹಸು, ವೈದ್ಯರು ನರಕ್ಕೆ ಕ್ಯಾಲ್ಸಿಯಂ ಕೊಟ್ಟ ಮೇಲೆ ಎದ್ದು ನಿಲ್ಲುವುದನ್ನು ನೀವು ನೋಡಿದ್ದೀರಿ. ಕಾಲು ಮುರಿದ ಹಸುವಿಗೆ ಅದೇ ಬಾಟಲಿ ಏರಿಸಿದರೆ ಅದು ಏಳುವುದಿಲ್ಲ. ಕೊರತೆ ಇದ್ದಲ್ಲಿ ಮಾತ್ರ ಪೂರಕ ಫಲ ಕೊಡುತ್ತದೆ. ಮನುಷ್ಯರ ಸುಸ್ತಿಗೂ ಈ ಮಾತು ಸಲ್ಲುತ್ತದೆ.

ತಿಂಗಳುಗಟ್ಟಲೆ ಸುಸ್ತೆಂದು ಹಾಲಿನ ಬಟವಾಡೆ ಹಣವನ್ನು ಟಾನಿಕ್ಕು, ಶಕ್ತಿಪುಡಿಗಳಿಗೆ ಸುರಿಯಬೇಡಿ. ಮೊದಲು ವೈದ್ಯರಲ್ಲಿ ಕಾರಣ ತಿಳಿಯಿರಿ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಕ್ಷಯ, ಬಿ-12 ಜೀವಸತ್ವದ ಕೊರತೆ ಎಲ್ಲವೂ ಸುಸ್ತು ತರುತ್ತವೆ. ರಾಸು ಸಾಕುವ ನಮಗೆ ಇನ್ನೊಂದು ಅಪಾಯ ಬ್ರುಸೆಲ್ಲೋಸಿಸ್. ಕಂದು ಹಾಕಿದ ರಾಸಿನ ಮಾಸನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಅದು ತಗಲಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು, ಸುಸ್ತು ಅದರ ಲಕ್ಷಣಗಳು. ಇದಕ್ಕೆ ಚಿಕಿತ್ಸೆ ಇದೆ. ನೀವು ರಾಸು ಸಾಕುವವರೆಂದು ವೈದ್ಯರಿಗೆ ತಪ್ಪದೆ ಹೇಳಿ.

ಬೇರೆ ಯಾವ ಕಾರಣವೂ ಸಿಗದೆ, ಸುಸ್ತು 6 ತಿಂಗಳು ಮೀರಿ, ನಿದ್ದೆ ಮಾಡಿದರೂ ದಣಿವಾರದೆ, ಸ್ವಲ್ಪ ದುಡಿದರೂ ಮರುದಿನ ಹಾಸಿಗೆ ಹಿಡಿಯುವಂತಾದರೆ ಅದು ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂಬ ಕಾಯಿಲೆ ಇರಬಹುದು. ಇದು ಮೈಗಳ್ಳತನವಲ್ಲ. ಇಂಥವರನ್ನು ಬಲವಂತವಾಗಿ ದುಡಿಸಿದರೆ ಕಾಯಿಲೆ ಹೆಚ್ಚುತ್ತದೆ. ಇದನ್ನು ಪೂರ್ತಿ ಗುಣಪಡಿಸುವ ಔಷಧವಾಗಲಿ ಪಥ್ಯವಾಗಲಿ ಇನ್ನೂ ಇಲ್ಲ. ಜೀವಸತ್ವ, ಖನಿಜಗಳ ಪೂರಕದಿಂದ ಇದು ವಾಸಿಯಾಗುತ್ತದೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ.

ಹಾಗಾದರೆ ಮಾಡಬೇಕಾದದ್ದೇನು?

1. ಒಂದೇ ಸಲ ಹೊಟ್ಟೆ ತುಂಬ ಉಣ್ಣಲಾಗದವರಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಿ. ನೀರು, ಮಜ್ಜಿಗೆ ಕುಡಿಸಿ.

2. ಮುದ್ದೆ, ಅನ್ನ, ಬೇಳೆ, ಸೊಪ್ಪು, ಮೊಟ್ಟೆ, ಮೊಸರು ಎಲ್ಲವೂ ಇರಲಿ. ಯಾರೋ ಹೇಳಿದರೆಂದು ಒಂದೊಂದೇ ಆಹಾರ ಬಿಡುತ್ತಾ ಹೋದರೆ ನಿಶ್ಶಕ್ತಿ ಹೆಚ್ಚುತ್ತದೆ.

3. ಸಸ್ಯಾಹಾರಿಗಳಿಗೆ ಬಿ-12 ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ಕರೆದ ಹಾಲನ್ನೆಲ್ಲ ಡೇರಿಗೆ ಹಾಕದೆ ಮನೆಗೂ ಉಳಿಸಿ, ಕಾಯಿಸಿ ಕುಡಿಯಿರಿ.

4. ಮನೆಯಿಂದ ಹೊರಬರಲಾಗದವರಿಗೆ ಬಿಸಿಲು ಸಾಲದೆ ಡಿ ಜೀವಸತ್ವ ಕಡಿಮೆಯಾಗಬಹುದು. ವೈದ್ಯರು ಹೇಳಿದ ಪ್ರಮಾಣದಲ್ಲಷ್ಟೇ ಮಾತ್ರೆ ಕೊಡಿ. ಎ, ಡಿ ಜೀವಸತ್ವ, ಕಬ್ಬಿಣಾಂಶ ಅತಿಯಾದರೆ ವಿಷವಾಗುತ್ತವೆ.

5. ರಾಸುಗಳ ಖನಿಜ ಮಿಶ್ರಣ, ಟಾನಿಕ್ಕುಗಳನ್ನು ಮನುಷ್ಯರು ಎಂದಿಗೂ ಸೇವಿಸಬಾರದು.

ಮನೆಯಲ್ಲಿ ಇಂಥವರಿದ್ದರೆ ಹಾಲು ಕರೆಯುವ, ಮೇವು ಹೊರುವ ಕೆಲಸವನ್ನು ಉಳಿದವರು ಹಂಚಿಕೊಳ್ಳಿ. ಅವರಿಗೆ ಟಾನಿಕ್ಕಿಗಿಂತ ಮೊದಲು ಬೇಕಾದದ್ದು ಅದು.