ಹಳೆಯ ಲ್ಯಾಪ್‌ಟಾಪಿಗೆ ಯಾವ ಎಸ್‌ಎಸ್‌ಡಿ ಹಾಕಿದರೂ ನಡೆಯುತ್ತದೆಯೇ?

"ಹಳೆಯ ಲ್ಯಾಪ್‌ಟಾಪ್ ಮಾರಬೇಡಿ! ಒಂದು ಎಸ್‌ಎಸ್‌ಡಿ ತಂದು ಹಾಕಿ, ಹತ್ತು ಪಟ್ಟು ಫಾಸ್ಟ್ ಆಗುತ್ತದೆ. ಎಲ್ಲರಿಗೂ ಕಳಿಸಿ." ಫ್ಯಾಮಿಲಿ ಗ್ರೂಪಿನಲ್ಲಿ ಇಂಥ ಸಲಹೆ ನೀವೂ ನೋಡಿರಬಹುದು. ಇದರಲ್ಲಿ ಅರ್ಧ ನಿಜ. ಉಳಿದ ಅರ್ಧವನ್ನು ನಂಬಿ ಆರ್ಡರ್ ಮಾಡಿದರೆ, ಮನೆಗೆ ಬಂದ ಡ್ರೈವ್ ಲ್ಯಾಪ್‌ಟಾಪಿನೊಳಗೆ ಕೂರದೇ ಹೋಗಬಹುದು. ಅವಸರದಲ್ಲಿ ಬದಲಿಸಿದರೆ ವರ್ಷಗಳ ಫೋಟೋಗಳೂ ಕೈತಪ್ಪಬಹುದು.

ನಿಜವಾದ ಅರ್ಧ ಯಾವುದು?

ಹಳೆಯ ಹಾರ್ಡ್‌ಡಿಸ್ಕ್‌ನೊಳಗೆ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ ಇರುತ್ತದೆ. ಒಂದು ಫೈಲ್ ಬೇಕೆಂದರೆ ಓದುವ ಕಡ್ಡಿ ಆ ಜಾಗಕ್ಕೆ ಸರಿಯಬೇಕು, ತಟ್ಟೆ ತಿರುಗಿ ಅಲ್ಲಿಗೆ ಬರಬೇಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲ್‌ಗಳನ್ನು ಓದುವುದರಿಂದ ಈ ಕಾಯುವಿಕೆಯೇ ದೊಡ್ಡದಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ನಿಮ್ಮ ಮೊಬೈಲಿನಲ್ಲಿರುವಂತೆ ಫ್ಲಾಶ್ ಚಿಪ್‌ಗಳಿರುತ್ತವೆ. ಹಾಗಾಗಿ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಎಸ್‌ಎಸ್‌ಡಿ ಇದ್ದರೆ ಈ ಲಾಭ ಸಿಗುವುದಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಭಾಗಕ್ಕೆ ಹೋದರೆ, ಡಿಸ್ಕ್ ಯಾವ ಬಗೆಯದೆಂದು ಈಚಿನ ಆವೃತ್ತಿಗಳು ತೋರಿಸುತ್ತವೆ. ನಿಧಾನಕ್ಕೆ ಕಾರಣ ಕಡಿಮೆ ರ‍್ಯಾಮ್ ಆಗಿದ್ದರೆ ಡ್ರೈವ್ ಬದಲಿಸಿ ಹೆಚ್ಚು ಪ್ರಯೋಜನವಿಲ್ಲ.

ಮೊದಲು ನೋಡಬೇಕಾದದ್ದು ಅಳತೆ

ಚಿಕ್ಕ, ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಸಾಮಾನ್ಯವಾಗಿ ಮೂರು ಸಾಧ್ಯತೆಗಳಿವೆ.

1. 2.5 ಇಂಚಿನ ಡ್ರೈವ್: ಹಳೆಯ ಮಾದರಿಗಳಲ್ಲಿ ಇರುವ ಚಪ್ಪಟೆ ಪೆಟ್ಟಿಗೆ. ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿ.ಮೀ. ದಪ್ಪ ಇರುತ್ತವೆ.

2. ಎಂ.2 ಡ್ರೈವ್: ಚ್ಯೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ತೆಳು ಹಲಗೆ. ಇದರ ಮೇಲಿನ 2230, 2242, 2280 ಎಂಬ ಸಂಖ್ಯೆಗಳೇ ಅದರ ಅಳತೆ. ಮೊದಲ ಎರಡು ಅಂಕಿ ಅಗಲ, ಅಂದರೆ 22 ಮಿ.ಮೀ. ಉಳಿದವು ಉದ್ದ: 30, 42 ಅಥವಾ 80 ಮಿ.ಮೀ. ಅಂಗಡಿಗಳಲ್ಲಿ ಹೆಚ್ಚು ಸಿಗುವುದು 2280. ಆದರೆ ಸರ್ಫೇಸ್ ಪ್ರೊ 9ರಂಥ ಚಿಕ್ಕ ಯಂತ್ರದಲ್ಲಿ ಇರುವುದು 2230. 80 ಮಿ.ಮೀ. ಹಲಗೆಗೆ ಅಲ್ಲಿ ಜಾಗವೇ ಇಲ್ಲ.

3. ಬೆಸುಗೆ ಹಾಕಿದ ಚಿಪ್: ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಂಥವುಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಡ್ರೈವ್ ತಂದು ಬದಲಿಸುವಂತಿಲ್ಲ. ಹೊರಗಿನ ಯುಎಸ್‌ಬಿ ಎಸ್‌ಎಸ್‌ಡಿ ಬಳಸಬೇಕು.

ತೆಳು ಲ್ಯಾಪ್‌ಟಾಪಿಗೆ ಒಂದೇ ಬದಿಯಲ್ಲಿ ಚಿಪ್ ಇರುವ ಡ್ರೈವ್ ಸುರಕ್ಷಿತ ಆಯ್ಕೆ. ಮೇಲೆ ದಪ್ಪ ಹೀಟ್‌ಸಿಂಕ್ ಕೂರಿಸಿದ ಡ್ರೈವ್‌ಗಳು ಡೆಸ್ಕ್‌ಟಾಪ್‌ಗೆ ಸರಿ. ಇಲ್ಲಿ ಹಾಕಿದರೆ ಕೆಳಗಿನ ಮುಚ್ಚಳ ಮುಚ್ಚುವುದೇ ಕಷ್ಟ.

ಒಂದೇ ಆಕಾರ, ಬೇರೆ ಭಾಷೆ

ಎಂ.2 ಹಲಗೆಗಳಲ್ಲೂ ಎರಡು ಬಗೆ ಇವೆ: ಸಾಟಾ ಮತ್ತು ಎನ್‌ವಿಎಂಇ. ನೋಡಲು ಒಂದೇ ಥರ ಇದ್ದರೂ ಲ್ಯಾಪ್‌ಟಾಪಿನ ಜೊತೆ ಮಾತಾಡುವ ಭಾಷೆ ಬೇರೆ. ಸಾಟಾ ಮಾತ್ರ ಗೊತ್ತಿರುವ ಸ್ಲಾಟಿಗೆ ಎನ್‌ವಿಎಂಇ ಹಾಕಿದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದಿಲ್ಲ. ಆದ್ದರಿಂದ ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ, ಅಥವಾ ಹಳೆಯ ಡ್ರೈವಿನ ಲೇಬಲ್‌ನ ಫೋಟೋ ತೆಗೆದು ಅಂಗಡಿಯವರಿಗೆ ತೋರಿಸಿ.

7,000 ಎಂಬಿ ವೇಗ ಬೇಕೇ?

ಸಾಟಾ ಡ್ರೈವ್ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಮೂರನೇ ತಲೆಮಾರಿನ ಎನ್‌ವಿಎಂಇ ಸುಮಾರು 3,500, ನಾಲ್ಕನೆಯದು ಸುಮಾರು 7,000 ಎಂಬಿವರೆಗೆ ಓದಬಲ್ಲದು. ಆದರೆ ನಾಲ್ಕನೇ ತಲೆಮಾರಿನ ಡ್ರೈವನ್ನು ಮೂರನೆಯದರ ಸ್ಲಾಟಿಗೆ ಹಾಕಿದರೆ ಸಿಗುವುದು ಮೂರನೆಯದರ ವೇಗವೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿಗೆ ರೇಸ್ ಕಾರು ಇಳಿಸಿದ ಹಾಗೆ! ಮೇಲಾಗಿ ಚಿಕ್ಕ ಲ್ಯಾಪ್‌ಟಾಪಿನಲ್ಲಿ ಬಿಸಿ ಹೊರಹೋಗಲು ಜಾಗ ಕಡಿಮೆ. ಹೆಚ್ಚು ಬಿಸಿಯಾದರೆ ಡ್ರೈವ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಬ್ರೌಸಿಂಗ್, ಟೈಪಿಂಗ್, ಆನ್‌ಲೈನ್ ಕ್ಲಾಸಿಗೆ ಸಾಧಾರಣ ವೇಗದ ಡ್ರೈವ್ ಧಾರಾಳ ಸಾಕು.

999 ರೂಪಾಯಿಗೆ 16 ಟಿಬಿ?

ಇಷ್ಟು ಅಗ್ಗದ ಜಾಹೀರಾತು ಕಂಡರೆ ಮುಂದೆ ಹೋಗಿ. ಇಂಥ ನಕಲಿ ಡ್ರೈವ್ ಬಿಚ್ಚಿದಾಗ ಒಳಗೆ ಪುಟ್ಟ ಮೆಮೊರಿ ಕಾರ್ಡ್ ಸಿಕ್ಕಿದ ಉದಾಹರಣೆಗಳಿವೆ. ಕಂಪ್ಯೂಟರಿಗೆ 16 ಟಿಬಿ ಎಂದು ಸುಳ್ಳು ಹೇಳುವಂತೆ ಅದನ್ನು ಮಾರ್ಪಡಿಸಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ನೀವು ಹಾಕುವ ಫೈಲ್‌ಗಳು ಹಾಳಾಗುತ್ತವೆ. ಹಾಗೆಂದು 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ತೋರಿಸಿದರೆ ಅದು ಮೋಸವಲ್ಲ. ತಯಾರಕರು 1,000ದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ ಅದು.

ಸ್ಕ್ರೂ ಬಿಚ್ಚುವ ಮೊದಲು

ಮುಖ್ಯ ಫೈಲ್‌ಗಳನ್ನು ಬೇರೆ ಕಡೆ ಬ್ಯಾಕಪ್ ಮಾಡಿ, ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಈಚಿನ ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್ ಬೀಗ ಹಾಕಿರುತ್ತದೆ. ಹಳೆಯ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಡ್ರೈವ್ ಚೆನ್ನಾಗಿದ್ದರೂ ಫೋಟೋ ಸಿಗದು. ಆ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಮೊದಲೇ ಬರೆದಿಟ್ಟುಕೊಳ್ಳಿ.

ಹೊಸ ಡ್ರೈವ್ ಹಾಕಿದ ತಕ್ಷಣ ಹಳೆಯದನ್ನು ಯಾರಿಗೂ ಕೊಡಬೇಡಿ. ಕೆಲವು ವಾರ ಇಟ್ಟುಕೊಳ್ಳಿ. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕ್‌ನಿಂದ ನಿಮ್ಮ ಫೋಟೋ, ದಾಖಲೆಗಳನ್ನು ಬೇರೆಯವರು ಮರಳಿ ತೆಗೆಯಬಹುದು. ಕೊಡುವ ಮೊದಲು ಪೂರ್ತಿ ಅಳಿಸಿ.

ನಮ್ಮ ತೀರ್ಮಾನ: ಎಸ್‌ಎಸ್‌ಡಿ ಹಾಕಿದರೆ ಹಳೆಯ ಲ್ಯಾಪ್‌ಟಾಪ್ ಚುರುಕಾಗಬಹುದು ಎಂಬುದು ನಿಜ. ಯಾವ ಎಸ್‌ಎಸ್‌ಡಿಯಾದರೂ ಸರಿ ಎಂಬುದು ತಪ್ಪು. ಆ ಫಾರ್ವರ್ಡ್ ಮತ್ತೆ ಬಂದರೆ ಇಷ್ಟು ಸೇರಿಸಿ ಕಳಿಸಿ: ಮೊದಲು ಬ್ಯಾಕಪ್, ಆಮೇಲೆ ಅಳತೆ, ಆಮೇಲೆ ಸ್ಲಾಟಿನ ಬಗೆ, ಕೊನೆಗೆ ವೇಗ.