ಮನೆಯ ದೀಪದ ಸ್ವಿಚ್ಚು



ಕಳೆದ ಬೇಸಗೆಯಲ್ಲಿ ಮಸ್ಕಿಯ ನಮ್ಮ ಬಂಧುಗಳ ಮನೆಯಲ್ಲಿ ಕೆಲವು ದಿನ ಇದ್ದೆನು. ಅಶೋಕನ ಹೆಸರನ್ನೇ ಹೇಳುವ ಶಾಸನವು ೧೯೧೫ರಲ್ಲಿ ದೊರೆತ ಊರು ಅದು. ಆದರೆ ಆ ದಿನ ನನಗೆ ಪಾಠ ಹೇಳಿದುದು ಶಾಸನದ ಕಲ್ಲಲ್ಲ, ಪಡಸಾಲೆಯ ಒಂದು ಬಲ್ಬು. ಅದು ಕೆಟ್ಟಿತ್ತು. ಮನೆಯ ಹುಡುಗನು ಸ್ವಿಚ್ಚನ್ನು ಆರಿಸಿ, ಸ್ಟೂಲನ್ನು ಹತ್ತಿ, ಹೊಸ ಬಲ್ಬನ್ನು ಹಾಕುತ್ತಿರುವಾಗ ಬೆರಳು ಹೋಲ್ಡರಿನ ಒಳಗೆ ತಗುಲಿತು. ಹುಡುಗನು ಕೆಳಕ್ಕೆ ಬಿದ್ದನು, ಬಿದ್ದುದರಿಂದಲೇ ಉಳಿದನೆನ್ನಬೇಕು. “ಬಟನ್ ಆಫ್ ಮಾಡೇ ಹತ್ಯಾನಲ್ರೀ!” ಎಂದು ಅವನ ತಾಯಿ ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ಮಾತು ನಿಜವಾಗಿತ್ತು.

ಹಾಗಾದರೆ ಆರಿದ ದೀಪದಲ್ಲಿ ವಿದ್ಯುತ್ತು ಎಲ್ಲಿಂದ ಬಂದಿತು?

ನಮ್ಮ ಮನೆಗಳಿಗೆ ಕಂಬದಿಂದ ಬರುವ ತಂತಿಗಳು ಎರಡು. ಒಂದನ್ನು ಫೇಸ್ ಎನ್ನುತ್ತಾರೆ. ನೆಲಕ್ಕೆ ಹೋಲಿಸಿದರೆ ಅದರಲ್ಲಿ ಸುಮಾರು ೨೩೦ ವೋಲ್ಟಿನ ಒತ್ತಡವಿರುತ್ತದೆ. ಇನ್ನೊಂದು ನ್ಯೂಟ್ರಲ್; ಅದನ್ನು ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಸೇರಿಸಿರುತ್ತಾರೆ. ಇವೆರಡರಲ್ಲಿ ಯಾವುದನ್ನು ಕಡಿದರೂ ದೀಪವು ಆರುತ್ತದೆ. ಮೋಸವಿರುವುದು ಇಲ್ಲಿಯೇ. ಸಿಂಧನೂರಿನ ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ತೂಬಿನ ಉದಾಹರಣೆ ಸಾಕು. ತೂಬನ್ನು ಮೇಲುಗಡೆ ಮುಚ್ಚಿದರೆ ಹೊಲಗಾಲುವೆ ಒಣಗುತ್ತದೆ. ಕಾಲುವೆಯ ಕೊನೆಯಲ್ಲಿ ಒಡ್ಡು ಹಾಕಿದರೆ ನೀರು ಹರಿಯುವುದು ನಿಲ್ಲುತ್ತದೆ, ನಿಜ; ಆದರೆ ಕಾಲುವೆ ತುಂಬಿಯೇ ಇರುತ್ತದೆ. ಸ್ವಿಚ್ಚನ್ನು ಫೇಸಿನಲ್ಲಿ ಕೂರಿಸುವುದು ಮೇಲಿನ ತೂಬನ್ನು ಮುಚ್ಚಿದಂತೆ. ನ್ಯೂಟ್ರಲಿನಲ್ಲಿ ಕೂರಿಸಿದರೆ ದೀಪ ಆರಿದ್ದರೂ ಹೋಲ್ಡರು ತುಂಬಿದ ಕಾಲುವೆಯಾಗಿ ಕಾದಿರುತ್ತದೆ.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಅಂಗಡಿಯಲ್ಲಿ ದೊರೆಯುವ ಟೆಸ್ಟರನ್ನು ಮೊದಲು ವಿದ್ಯುತ್ತು ಇದೆಯೆಂದು ಗೊತ್ತಿರುವ ಪ್ಲಗ್ಗಿನಲ್ಲಿ ಇಟ್ಟು, ಅದು ಸರಿಯಾಗಿದೆಯೆಂದು ನೋಡಿಕೊಳ್ಳಬೇಕು. ಬಳಿಕ ಸ್ವಿಚ್ಚನ್ನು ಆರಿಸಿ ಹೋಲ್ಡರಿನ ಎರಡು ಮುಳ್ಳುಗಳಿಗೂ ಅದರ ತುದಿಯನ್ನು ಮುಟ್ಟಿಸಬೇಕು. ಎರಡರಲ್ಲಿ ಒಂದರ ಮೇಲೆ ಬೆಳಗಿದರೂ ತಪ್ಪಿದೆಯೆಂದು ತಿಳಿಯತಕ್ಕದ್ದು. ಇಂದಿನ ಎಲ್.ಇ.ಡಿ. ಬಲ್ಬು ಆರಿಸಿದ ಮೇಲೂ ರಾತ್ರಿ ಮಂಕಾಗಿ ಮಿನುಗುತ್ತಿದ್ದರೆ ಅದೂ ಕೆಲವೊಮ್ಮೆ ಇದರ ಕುರುಹೇ. ವೈರಿಂಗ್ ಮಾಡಿದವನು ಬಲ್ಲವನಾಗಿದ್ದರೂ ಈ ತಪ್ಪು ನುಸುಳಬಹುದು: ಕಂಬದಲ್ಲಾಗಲಿ ಮೀಟರಿನ ಬಳಿಯಲ್ಲಾಗಲಿ ಎರಡು ತಂತಿಗಳು ಅದಲುಬದಲಾದರೆ ಮನೆಯ ಎಲ್ಲ ಸ್ವಿಚ್ಚುಗಳೂ ಒಮ್ಮೆಗೇ ತಪ್ಪುತ್ತವೆ. ಆದಕಾರಣ ಲೈನಿನ ರಿಪೇರಿಯಾದಾಗಲೆಲ್ಲ ಒಂದು ಸಲ ಮುಟ್ಟಿಸಿ ನೋಡುವುದು ಒಳ್ಳೆಯದು.

ಇನ್ನು ಆರಿಸಿಕೊಳ್ಳುವ ವಿಚಾರ. ಸ್ವಿಚ್ಚು ‘ಟಕ್’ ಎಂದು ಹಾರುವುದು ಅಲಂಕಾರಕ್ಕಲ್ಲ. ಎರಡು ಲೋಹಗಳು ಮೆಲ್ಲಗೆ ಬೇರೆಯಾದರೆ ನಡುವೆ ಕಿಡಿ ಎಳೆದುಕೊಂಡು ಲೋಹವನ್ನು ಸುಡುತ್ತದೆ. ಇದನ್ನು ತಪ್ಪಿಸಲು ಸ್ಪ್ರಿಂಗಿನಿಂದ ಥಟ್ಟನೆ ಬಿಡುವ ಸ್ವಿಚ್ಚನ್ನು ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿ ಜಾನ್ ಹೆನ್ರಿ ಹೋಮ್ಸ್ ಎಂಬುವರು ೧೮೮೪ರಲ್ಲಿ ನಿರ್ಮಿಸಿದರು. ಅಂಗಡಿಯಲ್ಲಿ ಹೊಳಪನ್ನು ನೋಡುವುದಕ್ಕಿಂತ ಈ ಸದ್ದನ್ನು ಕೇಳಿರಿ; ನಡುವೆ ತಡೆದು ನಿಲ್ಲುವುದನ್ನು ಕೊಳ್ಳಬೇಡಿರಿ. ಐ.ಎಸ್.ಐ. ಮುದ್ರೆಯೊಡನೆ ಐ.ಎಸ್. ೩೮೫೪ ಎಂಬ ಸಂಖ್ಯೆಯಿರಬೇಕು. ದೀಪಕ್ಕೂ ಫ್ಯಾನಿಗೂ ೬ ಆಂಪಿಯರಿನದು ಧಾರಾಳವಾಗಿ ಸಾಕು. ೯ ವಾಟಿನ ಬಲ್ಬು ಒಂದು ಆಂಪಿಯರಿನ ಇಪ್ಪತ್ತನೆಯ ಒಂದು ಪಾಲನ್ನೂ ಎಳೆಯುವುದಿಲ್ಲ. ಆದರೆ ೨೦೦೦ ವಾಟಿನ ಗೀಸರು ೯ ಆಂಪಿಯರಿನಷ್ಟು ಎಳೆಯುತ್ತದೆ. ನೀರೆತ್ತುವ ಮೋಟರು ಹೊರಡುವಾಗ, ಓಡುವಾಗ ಎಳೆಯುವುದರ ಹಲವು ಪಟ್ಟು ಎಳೆಯುತ್ತದೆ. ಇವಕ್ಕೆ ೧೬ ಆಂಪಿಯರಿನದೇ ಆಗಬೇಕು. ದೀಪದ ಬೋರ್ಡಿನಿಂದಲೇ ಮೋಟರಿಗೆ ತಂತಿ ಎಳೆಯುವ ಅಭ್ಯಾಸ ನಮ್ಮ ಕಡೆ ಉಂಟು. ಬೋರ್ಡು ಕಂದುಗಟ್ಟಿ ವಾಸನೆ ಬರುವವರೆಗೆ ಯಾರೂ ಅತ್ತ ನೋಡುವುದಿಲ್ಲ.

ಸ್ನಾನದ ಮನೆಯ ದೀಪಕ್ಕೆ ಸ್ವಿಚ್ಚು ಬಾಗಿಲಿನ ಹೊರಗಿರತಕ್ಕದ್ದು. ಒದ್ದೆಯ ಕೈ ಅದನ್ನು ಮುಟ್ಟಕೂಡದು. ಲಿಂಗಸೂಗೂರಿನ ಹಳೆಯ ಮನೆಗಳಂತೆ ಕಲ್ಲುಮಣ್ಣಿನ ಗೋಡೆಯಿದ್ದಲ್ಲಿ, ಮಳೆಗಾಲದಲ್ಲಿ ತೇವವೇರುವ ಗೋಡೆಯನ್ನು ಬಿಟ್ಟು ಒಣಗಿದ ಒಳಗೋಡೆಯನ್ನು ಹುಡುಕಬೇಕು. ಪೆಟ್ಟಿಗೆಯಲ್ಲಿ ಉಳಿದ ತೂತುಗಳನ್ನು ಮುಚ್ಚದಿದ್ದರೆ ಇರುವೆಗಳೂ ಹಲ್ಲಿಗಳೂ ಬಾಡಿಗೆಯಿಲ್ಲದೆ ವಾಸಿಸುತ್ತವೆ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರು ಮೆಟ್ಟಿಲಿಗೆ ಟೂ-ವೇ ಸ್ವಿಚ್ಚನ್ನು ಹಾಕಿಸಿಕೊಳ್ಳಬೇಕು, ಕೆಳಗೊಂದು, ಮೇಲೊಂದು. ಕೆಳಗೆ ಹಚ್ಚಿದ ದೀಪವನ್ನು ಮೇಲೆ ಆರಿಸಬಹುದು, ಕತ್ತಲೆಯಲ್ಲಿ ಮೆಟ್ಟಿಲನ್ನು ತಡವಬೇಕಾಗಿಲ್ಲ.

ಎರೆಭೂಮಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ತೇವ ಹಿಡಿದಿಡುವ ಈ ಮಣ್ಣು ಏಪ್ರಿಲ್ ವೇಳೆಗೆ ಬಿರಿದು ಅರ್ಥಿಂಗಿನ ಕೊಳವೆಯಿಂದ ದೂರ ಸರಿಯುತ್ತದೆ. ಆಗ ಸೋರಿದ ವಿದ್ಯುತ್ತು ಭೂಮಿಗೆ ಸರಾಗವಾಗಿ ಇಳಿಯಲಾರದು. ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಸುರಿಯುವುದು ತುಳಸಿಗೆ ನೀರೆರೆದಷ್ಟೇ ನಿಯಮವಾಗಿರಲಿ. ಮೇನಿನ ಬಳಿ ೩೦ ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಯನ್ನು ಹಾಕಿಸಿದರೆ, ಅಷ್ಟು ವಿದ್ಯುತ್ತು ಮನುಷ್ಯನ ಮೈಮೂಲಕ ಸೋರಿದೊಡನೆಯೇ ಅದು ಲೈನನ್ನು ಕಡಿಯುತ್ತದೆ. ಈ ಕೆಲಸಗಳನ್ನೆಲ್ಲ ಪರವಾನಗಿಯುಳ್ಳವನಿಂದಲೇ ಮಾಡಿಸಬೇಕು.

ಮಸ್ಕಿಯ ಮನೆಗೆ ಮರುದಿನ ಅಂಥವನೊಬ್ಬನು ಬಂದನು. ಮೀಟರಿನಿಂದ ಒಳಗೆ ಬರುವಲ್ಲಿಯೇ ಕೆಂಪು ತಂತಿಯೂ ಕಪ್ಪು ತಂತಿಯೂ ಅದಲುಬದಲಾಗಿದ್ದವು. ಸರಿಪಡಿಸಲು ಕಾಲುಗಂಟೆ ಹಿಡಿಯಿತು. ಆಮೇಲೆ ಹುಡುಗನು ಟೆಸ್ಟರನ್ನು ಕೇಳಿ ಪಡೆದು, ಹನ್ನೊಂದು ಹೋಲ್ಡರುಗಳನ್ನೂ ಒಂದೊಂದಾಗಿ ತಾನೇ ನೋಡಿ, ಕೊನೆಗೆ ಪಡಸಾಲೆಯ ಬಲ್ಬನ್ನು ಹಾಕಿದನು.