ಪೋಲೀಸು ಯಾರ ಅಧೀನ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರೈತನು ಸರ್ಕಾರವನ್ನು ಮೊದಲು ಕಾಣುವುದು ಠಾಣೆಯ ಜಗಲಿಯಲ್ಲಿ. ಗೇಣಿ ಪದ್ಧತಿಯಿದ್ದ ಕಾಲದಲ್ಲಿ ಧಣಿಗೂ ಗೇಣಿದಾರನಿಗೂ ವ್ಯಾಜ್ಯ ಬಿದ್ದರೆ ಲಾಠಿಯು ಯಾರ ಕಡೆ ತಿರುಗುವುದೆಂಬುದೇ ಅವನ ಚಿಂತೆಯಾಗಿತ್ತು. ಆದುದರಿಂದ ಕನ್ನಡಿಗರೇ ಕಣ್ಣಾರೆ ಕಂಡ ಒಂದು ಪ್ರಯೋಗವನ್ನು ವಾಚಕರ ಮುಂದಿಡುತ್ತೇವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಗಾಯದ ಮಾತು ಇಲ್ಲಿ ಬೇಡ. 1957ರ ಏಪ್ರಿಲ್ 5ರಂದು ಅಲ್ಲಿಯ ಕನ್ನಡಿಗರು ಕಮ್ಯೂನಿಸ್ಟ್ ಮಂತ್ರಿಮಂಡಲದ ಆಳ್ವಿಕೆಗೆ ಒಳಗಾದರು. ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾಡರು ನೆರೆಯ ನೀಲೇಶ್ವರದಿಂದಲೇ ಆರಿಸಿಬಂದವರು. ಕಾರ್ಮಿಕರ, ರೈತರ ನ್ಯಾಯವಾದ ಹೋರಾಟಗಳನ್ನು ಅಡಗಿಸಲು ಪೋಲೀಸರನ್ನು ಬಳಸಕೂಡದೆಂಬುದು ಅವರು ಸಾರಿದ ನೀತಿ. ಬ್ರಿಟಿಷರ ಲಾಠಿಯ ರುಚಿ ಕಂಡವರಾರೂ ಇದನ್ನು ಹಳಿಯಲಾರರು, ನಾವೂ ಹಳಿಯೆವು.

ಆದರೆ ಹೋರಾಟವು ನ್ಯಾಯವೋ ಅನ್ಯಾಯವೋ ಎಂದು ತೀರ್ಮಾನಿಸುವವರಾರು? ಪಕ್ಷದ ಘಟಕಗಳೇ ಠಾಣೆಗಳನ್ನು ನಡೆಸುತ್ತಿವೆಯೆಂದು ವಿರೋಧಿಗಳು ಕೂಗಿದರು, ಸರ್ಕಾರವು ಅಲ್ಲಗಳೆಯಿತು. 1958ರ ಜುಲೈಯಲ್ಲಿ ಚಂದನತ್ತೋಪಿನ ಗೋಡಂಬಿ ಕಾರ್ಖಾನೆಯ ಮುಷ್ಕರದ ವೇಳೆ ಅದೇ ಸರ್ಕಾರದ ಪೋಲೀಸರ ಗುಂಡಿಗೆ ಇಬ್ಬರು ಕಾರ್ಮಿಕರು ಬಲಿಯಾದರು. 1959ರ ಜೂನ್ 13ರಂದು ಅಂಗಮಾಲಿಯಲ್ಲಿ ಏಳು ಮಂದಿ. ಜನರು ಬೀದಿಗಿಳಿದರು, ಪತ್ರಿಕೆಗಳು ಗುಡುಗಿದವು. ಜುಲೈ 31ರಂದು ಕೇಂದ್ರವು ಮಂತ್ರಿಮಂಡಲವನ್ನೇ ವಜಾ ಮಾಡಿತು. ವಜಾ ಮಾಡಿದುದು ಸರಿಯೇ ಎಂಬ ಚರ್ಚೆ ಬೇರೆ.

ಸೋವಿಯತ್ ರಷ್ಯದ ನೊವೊಚೆರ್ಕಾಸ್ಕ್ ಪಟ್ಟಣದಲ್ಲಿ 1962ರ ಜೂನ್ ತಿಂಗಳಲ್ಲಿ ಮುಷ್ಕರಗಾರರ ಮೇಲೆ ಗುಂಡು ಹಾರಿತು. ಹೆಣಗಳನ್ನು ಗುಟ್ಟಾಗಿ ಹೂಳಿದರು. ದಶಕಗಳವರೆಗೆ ಅಲ್ಲಿಯ ಪತ್ರಿಕೆಗಳಲ್ಲಿ ಒಂದಕ್ಷರವೂ ಬರಲಿಲ್ಲ.